ಎಷ್ಟು ಬೇಡಿಕೊಂಡರೂ ದೇವರು ಕೇಳಲಿಲ್ಲವೇಕೆ? ಈ ಪ್ರಶ್ನೆಗೆ ಕ್ರೈಸ್ತ ನಂಬಿಕೆ ಹೇಳುವುದೇನು?

ಬುಧವಾರ ಮುಂಬೈನ ಮಾಹಿಮ್ ಕಡೆ ಓಡಾಡಿದವರಿಗೆ ಈ ದೃಶ್ಯ ಹೊಸದಲ್ಲ. ಸೇಂಟ್ ಮೈಕಲ್ ಚರ್ಚ್ ಮುಂದೆ ಬೆಳಿಗ್ಗೆಯಿಂದಲೇ ಜನ ಸೇರುತ್ತಾರೆ. 1948ರಿಂದ ಇಲ್ಲಿ ಬುಧವಾರದ ನೊವೆನಾ ಪ್ರಾರ್ಥನೆ ನಡೆದುಕೊಂಡು ಬಂದಿದೆ. ಬರುವವರೆಲ್ಲ ಕ್ರೈಸ್ತರೇ ಅಲ್ಲ. ಸ್ವಲ್ಪ ದೂರದ ಬಾಂದ್ರಾದ ಮೌಂಟ್ ಮೇರಿಯಲ್ಲಿ ಮೇಣದಲ್ಲಿ ಮಾಡಿದ ಕೈ, ಕಾಲು, ಮನೆ, ಮಗುವಿನ ಆಕೃತಿಗಳನ್ನು ಅರ್ಪಿಸುತ್ತಾರೆ. ನಮ್ಮೂರಿನ ಹರಕೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೇಡಿದ್ದು ಸಿಕ್ಕವರು ಮತ್ತೆ ಬಂದು ಧನ್ಯವಾದ ಹೇಳುತ್ತಾರೆ. ಸಿಗದವರು? ಮಗನ ಕಾಯಿಲೆ ವಾಸಿಯಾಗಲಿ ಎಂದು ತಿಂಗಳುಗಟ್ಟಲೆ ಮೊಣಕಾಲೂರಿ, ಕೊನೆಗೆ ಮಗನನ್ನೇ ಕಳೆದುಕೊಂಡವರು? ಅವರ ಪ್ರಾರ್ಥನೆಗೆ ಏನಾಯಿತು? ಇದು ಕ್ರೈಸ್ತ ಧರ್ಮದೊಳಗೆ ಎರಡು ಸಾವಿರ ವರ್ಷಗಳಿಂದ ಇರುವ ಪ್ರಶ್ನೆ.

ವೇಲಾಂಕಣಿಯ ಆ ಭಾನುವಾರ

2004ರ ಡಿಸೆಂಬರ್ 26. ಕ್ರಿಸ್‌ಮಸ್‌ನ ಮರುದಿನ, ಅದೂ ಭಾನುವಾರ. ತಮಿಳುನಾಡಿನ ನಾಗಪಟ್ಟಿಣಂ ಜಿಲ್ಲೆಯ ವೇಲಾಂಕಣಿ ಮಾತೆಯ ಕ್ಷೇತ್ರ ಯಾತ್ರಿಕರಿಂದ ತುಂಬಿತ್ತು. ಬೆಳಿಗ್ಗೆ ಸುನಾಮಿ ಅಲೆಗಳು ಅಪ್ಪಳಿಸಿದಾಗ ಬಸಿಲಿಕಾ ಉಳಿಯಿತು, ಅದರೊಳಗಿದ್ದವರೂ ಬದುಕಿದರು. ಆದರೆ ಕಡಲ ದಂಡೆಯಲ್ಲಿ, ಅಂಗಡಿ ಸಾಲಿನಲ್ಲಿ ಇದ್ದ ಅನೇಕ ಯಾತ್ರಿಕರು ಕೊಚ್ಚಿಹೋದರು. ಆ ಒಂದು ಜಿಲ್ಲೆಯಲ್ಲೇ 6,000ಕ್ಕೂ ಹೆಚ್ಚು ಜನ ಸತ್ತರು.

ಚರ್ಚ್ ಉಳಿದದ್ದನ್ನು ಕೆಲವರು ಪವಾಡ ಎಂದರು. ಹಾಗಾದರೆ ಹೊರಗಿದ್ದವರ ಗತಿ? ಅವರೂ ಅದೇ ಮಾತೆಯ ಬಳಿಗೆ ಬಂದವರೇ ಅಲ್ಲವೇ? ಒಳಗಿದ್ದವರಿಗಿಂತ ಅವರ ಭಕ್ತಿ ಕಡಿಮೆಯಿತ್ತೇ?

ಇಂಥದ್ದೇ ಪ್ರಶ್ನೆ ಯೇಸುವಿನ ಮುಂದೆಯೂ ಬಂದಿತ್ತು. ಜೆರುಸಲೇಮಿನ ಸಿಲೋವಾಮಿನಲ್ಲಿ ಗೋಪುರವೊಂದು ಕುಸಿದು 18 ಮಂದಿ ಸತ್ತಿದ್ದರು. ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ಭಾವಿಸಬೇಡಿ ಎಂದು ಯೇಸು ಹೇಳಿದ್ದು ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿದೆ. ಸಾವಿನ ಲೆಕ್ಕ ಹಿಡಿದು ಭಕ್ತಿಯ ಲೆಕ್ಕ ಹಾಕಬೇಡಿ ಎಂಬುದು ಇಲ್ಲಿನ ಮೊದಲ ಪಾಠ.

ಕೇಳಿದರೆ ಕೊಡುತ್ತೇನೆ ಎಂಬ ಮಾತು ಇಲ್ಲವೇ?

ಇದೆ, ಗೊಂದಲ ಶುರುವಾಗುವುದೂ ಅಲ್ಲಿಂದಲೇ. ಬೇಡಿದವರಿಗೆ ಸಿಗುತ್ತದೆ, ತಟ್ಟಿದವರಿಗೆ ಬಾಗಿಲು ತೆರೆಯುತ್ತದೆ ಎಂಬ ಅರ್ಥದ ಮಾತು ಮತ್ತಾಯ ಮತ್ತು ಲೂಕನ ಸುವಾರ್ತೆಗಳೆರಡರಲ್ಲೂ ಬರುತ್ತದೆ. ಆದರೆ ಅದರ ಮುಂದಿನ ಸಾಲುಗಳನ್ನು ಓದಿದರೆ ಚಿತ್ರ ಸ್ವಲ್ಪ ಬದಲಾಗುತ್ತದೆ. ಮಗು ಆಹಾರ ಕೇಳಿದರೆ ಯಾವ ತಂದೆಯೂ ಹಾವು ಕೊಡುವುದಿಲ್ಲ ಎನ್ನುವ ಯೇಸು, ಹಾಗೆಯೇ ದೇವರು ಕೊಡುವುದು ಒಳ್ಳೆಯದನ್ನು ಎಂದು ಮತ್ತಾಯನಲ್ಲಿ ಹೇಳುತ್ತಾನೆ. ಲೂಕನಲ್ಲಿ ದೇವರು ಕೊಡುವುದು ಪವಿತ್ರಾತ್ಮನನ್ನು. ಕೇಳಿದ ವಸ್ತುವೇ ಕೇಳಿದ ದಿನವೇ ಕೈಗೆ ಬರುತ್ತದೆ ಎಂಬ ಭರವಸೆ ಎರಡರಲ್ಲೂ ಇಲ್ಲ.

ಸ್ವಾರ್ಥದ ಆಸೆಗಾಗಿ ಬೇಡಿದರೆ ಸಿಗದು ಎಂದು ಯಾಕೋಬನ ಪತ್ರ ಎಚ್ಚರಿಸುತ್ತದೆ. ದೇವರ ಚಿತ್ತಕ್ಕೆ ತಕ್ಕಂತೆ ಬೇಡಬೇಕು ಎನ್ನುತ್ತದೆ ಯೋಹಾನನ ಮೊದಲ ಪತ್ರ. ಇವು ಸರಿ. ಆದರೆ ಮಗುವಿನ ಪ್ರಾಣಕ್ಕಾಗಿ ಬೇಡುವ ತಾಯಿಯದು ಸ್ವಾರ್ಥ ಎನ್ನಲಾದೀತೇ? ಅದಕ್ಕೇ ಕ್ರೈಸ್ತ ಚಿಂತಕರು ಇಷ್ಟಕ್ಕೆ ನಿಲ್ಲದೆ ಇನ್ನೊಂದು ಕಡೆ ಬೆರಳು ತೋರಿಸುತ್ತಾರೆ.

ಯೇಸುವಿನ ಪ್ರಾರ್ಥನೆಯೇ ಈಡೇರಲಿಲ್ಲ

ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಪ್ರಾರ್ಥಿಸಿದ. ಎದುರಿಗಿರುವ ಸಂಕಟ ತಪ್ಪಲಿ ಎಂದು ಬೇಡಿದ. ಒಂದು ಸಲವಲ್ಲ, ಮೂರು ಸಲ. ಜೊತೆಗಿದ್ದ ಶಿಷ್ಯರು ನಿದ್ದೆ ಹೋಗಿದ್ದರು. ಕೊನೆಗೆ ತನ್ನ ಇಷ್ಟವಲ್ಲ, ತಂದೆಯ ಇಷ್ಟ ನಡೆಯಲಿ ಎಂದು ಒಪ್ಪಿಸಿಕೊಂಡ. ಸಂಕಟ ತಪ್ಪಲಿಲ್ಲ. ಮರುದಿನವೇ ಶಿಲುಬೆ.

ಈ ಘಟನೆ ಏಕೆ ಮುಖ್ಯ? ನಂಬಿಕೆ ಗಟ್ಟಿಯಿದ್ದರೆ ಬೇಡಿದ್ದೆಲ್ಲ ಸಿಗುತ್ತದೆ ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಕ್ರೈಸ್ತರ ಪ್ರಕಾರ ಯೇಸು ದೇವಪುತ್ರ. ಅವನ ನಂಬಿಕೆಯಲ್ಲಿ ಕೊರತೆ ಹುಡುಕುವಂತಿಲ್ಲ. ಅವನ ಬೇಡಿಕೆಯೇ ಈಡೇರದೆ ಹೋಗಿದ್ದರೆ, ಈಡೇರದ ಪ್ರಾರ್ಥನೆ ಬೇಡುವವನ ತಪ್ಪಿನ ಗುರುತಲ್ಲ ಎಂದಾಯಿತು.

ಪ್ರೇಷಿತ ಪೌಲನದೂ ಇದೇ ಕಥೆ. ದೇಹದಲ್ಲಿ ಮುಳ್ಳಿನಂತೆ ಚುಚ್ಚುತ್ತಿದ್ದ ಒಂದು ಬಾಧೆಯನ್ನು ತೆಗೆದುಹಾಕು ಎಂದು ಅವನು ಮೂರು ಸಲ ಬೇಡಿಕೊಂಡ. ಅದು ಕಣ್ಣಿನ ಕಾಯಿಲೆಯೋ ಬೇರೇನೋ ಎಂಬ ಚರ್ಚೆ ಇಂದಿಗೂ ಇದೆ. ಬಾಧೆ ಹೋಗಲಿಲ್ಲ. ಅದನ್ನು ಹೊತ್ತುಕೊಂಡು ನಡೆಯಲು ದೇವರ ಕೃಪೆ ಸಾಕು ಎಂಬ ಉತ್ತರ ಬಂತು ಎಂದು ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಅವನೇ ಹೇಳಿಕೊಂಡಿದ್ದಾನೆ.

ಬೇಡಿದ್ದು ಒಂದು, ಸಿಕ್ಕಿದ್ದು ಇನ್ನೊಂದು

ಚರ್ಚ್ ಇತಿಹಾಸದಲ್ಲಿ ಹೆಚ್ಚಾಗಿ ನೆನೆಯುವ ಉದಾಹರಣೆ ಮೋನಿಕಾಳದು. ಉತ್ತರ ಆಫ್ರಿಕಾದ ಈ ತಾಯಿಗೆ ಮಗ ಅಗಸ್ಟೀನ್ ದಾರಿ ತಪ್ಪಿದ್ದಾನೆಂಬ ಚಿಂತೆ. 383ರಲ್ಲಿ ಅವನು ಕಾರ್ತೇಜ್ ಬಿಟ್ಟು ರೋಮ್‌ಗೆ ಹೊರಟಾಗ, ಹೋಗದಿರಲಿ ಎಂದು ಅವಳು ರಾತ್ರಿಯಿಡೀ ಪ್ರಾರ್ಥಿಸಿದಳು. ಬೆಳಗಾಗುವಷ್ಟರಲ್ಲಿ ಹಡಗು ಹೊರಟುಹೋಗಿತ್ತು. ಆದರೆ ಇಟಲಿಗೆ ಹೋದ ಅದೇ ಮಗ ಮಿಲಾನ್‌ನಲ್ಲಿ ಬಿಷಪ್ ಆಂಬ್ರೋಸ್‌ನ ಪ್ರವಚನ ಕೇಳಿ ಬದಲಾದ. 387ರಲ್ಲಿ ದೀಕ್ಷಾಸ್ನಾನ ಪಡೆದ. ಅಂದಿನ ಆ ಬೇಡಿಕೆಯನ್ನು ದೇವರು ನಿರಾಕರಿಸಿದ್ದು ತಾಯಿಯ ಬದುಕಿನ ದೊಡ್ಡ ಬೇಡಿಕೆಯನ್ನು ನಡೆಸಿಕೊಡಲು ಎಂದು ಮುಂದೆ ಅಗಸ್ಟೀನ್ ತನ್ನ ಆತ್ಮಕಥೆಯಲ್ಲಿ ವಿವರಿಸಿದ.

ಕೇಳಲು ಚೆನ್ನಾಗಿದೆ. ಆದರೆ ಎಲ್ಲರ ಕಥೆಯೂ ಹೀಗೆ ಮುಗಿಯುವುದಿಲ್ಲ. ನಾರ್ನಿಯಾ ಕಥೆಗಳ ಲೇಖಕ ಸಿ.ಎಸ್. ಲೂಯಿಸ್ ಅವರ ಪತ್ನಿ ಜಾಯ್‌ಗೆ ಕ್ಯಾನ್ಸರ್ ಇತ್ತು. ಪ್ರಾರ್ಥನೆಯ ನಂತರ ಅವರು ಚೇತರಿಸಿಕೊಂಡರು, ಲೂಯಿಸ್‌ಗೂ ಆಶ್ಚರ್ಯವಾಗಿತ್ತು. ಕಾಯಿಲೆ ಮತ್ತೆ ಮರುಕಳಿಸಿ 1960ರಲ್ಲಿ ಜಾಯ್ ತೀರಿಕೊಂಡರು. ಕ್ರೈಸ್ತ ನಂಬಿಕೆಯ ಪರವಾಗಿ ಪುಸ್ತಕಗಳನ್ನೇ ಬರೆದಿದ್ದ ಲೂಯಿಸ್, ದೇವರು ಬಾಗಿಲು ಹಾಕಿಕೊಂಡಂತಿದೆ ಎಂಬ ಭಾವನೆಯನ್ನು ಮುಚ್ಚಿಡದೆ ಬರೆದರು. 1961ರಲ್ಲಿ ಆ ಪುಸ್ತಕ ಮೊದಲು ಬಂದದ್ದು ಬೇರೆ ಹೆಸರಿನಲ್ಲಿ. ಅವರು ನಂಬಿಕೆ ಬಿಡಲಿಲ್ಲ. ಆದರೆ ಸುಲಭದ ಉತ್ತರಗಳನ್ನು ಬಿಟ್ಟರು.

ಕೋಲ್ಕತ್ತಾದ ಮದರ್ ತೆರೇಸಾ ಅವರ ವಿಷಯ ಇನ್ನೂ ಅಚ್ಚರಿಯದು. ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ, ದಶಕಗಳ ಕಾಲ ಪ್ರಾರ್ಥನೆಯಲ್ಲಿ ಅವರಿಗೆ ದೇವರ ಸಾನ್ನಿಧ್ಯದ ಅನುಭವವೇ ಆಗುತ್ತಿರಲಿಲ್ಲ ಎಂಬುದು ಜಗತ್ತಿಗೆ ತಿಳಿಯಿತು. ಆದರೂ ಪ್ರಾರ್ಥನೆ ನಿಲ್ಲಿಸಲಿಲ್ಲ, ರೋಗಿಗಳ ಸೇವೆಯನ್ನೂ ನಿಲ್ಲಿಸಲಿಲ್ಲ. ಈ ಪತ್ರಗಳು ಅವರ ಸಂತ ಪದವಿಗೆ ಅಡ್ಡಿಯಾಗಲಿಲ್ಲ. 2016ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

ದೇವರೊಂದಿಗೆ ಜಗಳವಾಡಬಹುದೇ?

ಆಡಬಹುದು ಎನ್ನುತ್ತದೆ ಬೈಬಲ್. ಅದರಲ್ಲಿರುವ 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಗೋಳಿನ, ದೂರಿನ ಹಾಡುಗಳು. 88ನೇ ಕೀರ್ತನೆಯಂತೂ ಸಮಾಧಾನದ ಮಾತಿಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೇ ಕೀರ್ತನೆಯ ಆರಂಭದ ಸಾಲನ್ನು. ದೇವರು ತನ್ನನ್ನೇಕೆ ಕೈಬಿಟ್ಟ ಎಂಬುದೇ ಅದರ ಪ್ರಶ್ನೆ. ಅಂದರೆ ದೂರುವುದೂ ಪ್ರಾರ್ಥನೆಯೇ. ಮಾತು ನಿಂತರೆ ಸಂಬಂಧ ಮುರಿಯಿತು, ಜಗಳ ನಡೆಯುತ್ತಿದ್ದರೆ ಸಂಬಂಧ ಇನ್ನೂ ಇದೆ ಎಂದರ್ಥ.

ಕಥೋಲಿಕ ಸಭೆಯ 1992ರ ಧರ್ಮೋಪದೇಶ ಗ್ರಂಥವೂ ಈ ವಿಷಯ ಎತ್ತುತ್ತದೆ. ದೇವರನ್ನು ನಾವು ಬಳಸಿಕೊಳ್ಳುವ ಸಾಧನವೆಂದು ನೋಡುತ್ತಿದ್ದೇವೆಯೇ ಅಥವಾ ತಂದೆ ಎಂದೇ ಎಂದು ಅದು ಓದುಗರನ್ನೇ ಕೇಳುತ್ತದೆ.

ಎಚ್ಚರ ಎಲ್ಲಿ ಬೇಕು?

* ನಿಮ್ಮ ನಂಬಿಕೆ ಸಾಲದು, ಅದಕ್ಕೇ ವಾಸಿಯಾಗಲಿಲ್ಲ ಎಂದು ಯಾರಾದರೂ ಹೇಳಿದರೆ, ಗೆತ್ಸೆಮನೆಯನ್ನೂ ಪೌಲನನ್ನೂ ನೆನಪಿಸಿ. ನೊಂದವರ ಮೇಲೆ ತಪ್ಪು ಹೊರಿಸುವ ಈ ಮಾತಿಗೆ ಆ ಎರಡು ಪ್ರಸಂಗಗಳಲ್ಲಿ ಆಧಾರ ಸಿಗುವುದಿಲ್ಲ.
* ಪ್ರಾರ್ಥನೆಗಾಗಿ ಔಷಧಿ ಬಿಡಬೇಕಿಲ್ಲ. ಚರ್ಚ್‌ಗಳೇ ದೇಶದುದ್ದಕ್ಕೂ ಆಸ್ಪತ್ರೆ ಕಟ್ಟಿ ನಡೆಸುತ್ತಿವೆ. ಪ್ರಾರ್ಥನೆ ಮತ್ತು ಚಿಕಿತ್ಸೆ ಒಂದಕ್ಕೊಂದು ವಿರೋಧ ಎಂದಿದ್ದರೆ ಇವು ಇರುತ್ತಿರಲಿಲ್ಲ.
* ದೇವರು ಹೌದು ಎನ್ನುತ್ತಾನೆ, ಇಲ್ಲ ಎನ್ನುತ್ತಾನೆ, ಇಲ್ಲವೇ ಕಾಯಿ ಎನ್ನುತ್ತಾನೆ ಎಂಬ ಮಾತು ಚರ್ಚ್‌ಗಳಲ್ಲಿ ಸಾಮಾನ್ಯ. ಕೆಲಸ, ವೀಸಾ, ಮನೆಯ ವಿಷಯಕ್ಕೆ ಅದು ಹೊಂದಬಹುದು. ಸಾವಿನ ಮನೆಯಲ್ಲಿ ಅದನ್ನು ಹೇಳದಿರುವುದೇ ಒಳ್ಳೆಯದು.

ಮತ್ತೆ ಏನು ಹೇಳಬೇಕು?

ಇದಕ್ಕೆ ಯೋಬನ ಗ್ರಂಥದಲ್ಲಿ ಒಂದು ಸುಳಿವಿದೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನನ್ನು ನೋಡಲು ಮೂವರು ಗೆಳೆಯರು ಬಂದರು. ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕುಳಿತರು, ಯಾರೂ ಒಂದು ಮಾತೂ ಆಡಲಿಲ್ಲ. ಆಮೇಲೆ ಕಾರಣ ಹೇಳಲು ಶುರು ಮಾಡಿದರು. ನಿನ್ನದೇ ಏನೋ ತಪ್ಪಿರಬೇಕು ಎಂದರು. ಗ್ರಂಥದ ಕೊನೆಯಲ್ಲಿ ದೇವರು ಸಿಟ್ಟಾಗುವುದು ದೂರಿದ ಯೋಬನ ಮೇಲಲ್ಲ, ಈ ಗೆಳೆಯರ ಮೇಲೆ. ಹಾಗೆಂದು ಯೋಬನಿಗಾದರೂ ತನ್ನ ಕಷ್ಟಕ್ಕೆ ಕಾರಣ ಏನೆಂದು ದೇವರು ಹೇಳುವುದಿಲ್ಲ.

ನಿಮಗೆ ಗೊತ್ತಿರುವ ಯಾರಾದರೂ ಬೇಡಿ ಬೇಡಿ ಸೋತು ಕುಳಿತಿದ್ದರೆ, ಆ ಮೊದಲ ಏಳು ದಿನ ಗೆಳೆಯರು ಮಾಡಿದ್ದನ್ನು ಮಾಡಿ. ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ. ಕಾರಣ ಹೇಳಲು ಹೋಗಬೇಡಿ.