ಎಂಟು ವರ್ಷದ ಮುಂದಾಳುಗಳು

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೂ ಕೊರಳಿಗೆ ಸ್ಕಾರ್ಫ್ ಕಟ್ಟಿದ ಪುಟ್ಟ ಹುಡುಗರು ಮೈದಾನದಲ್ಲಿ ದುಂಡಗೆ ನಿಂತಿದ್ದರೆ ಅದು ಸ್ಕೌಟ್‌ಗಳ ಕಿರಿಯರ ಗುಂಪಾದ ಕಬ್ ಪ್ಯಾಕ್ ಎಂದು ತಿಳಿಯಬಹುದು. ನಡುವೆ ನಿಂತ ಶಿಕ್ಷಕಿ ಅವರಿಗೆ ಆ ಹೊತ್ತಿನಲ್ಲಿ ‘ಮಿಸ್’ ಅಲ್ಲ, ‘ಅಕೇಲಾ’. ಅವರು ಸನ್ನೆ ಮಾಡುತ್ತಲೇ ಮಕ್ಕಳೆಲ್ಲ ಕುಕ್ಕರಗಾಲಲ್ಲಿ ಕೂತು, ಅಂಗೈ ನೆಲಕ್ಕೂರಿ, ತೋಳದ ಮರಿಗಳ ಹಾಗೆ ಒಟ್ಟಾಗಿ ಕೂಗುತ್ತಾರೆ. ‘ಗ್ರ್ಯಾಂಡ್ ಹೌಲ್’ ಎನ್ನುವ ಈ ಕೂಗೇ ಅವರ ವಂದನೆ. ಗದ್ದಲ ಮಾಡಬೇಡಿ ಎಂದು ಸದಾ ಬೈಸಿಕೊಳ್ಳುವ ವಯಸ್ಸಿನವರಿಗೆ ಗದ್ದಲವೇ ಶಿಸ್ತಾಗುವ ಗಳಿಗೆ ಇದು.

ಈ ಆಟದ ಬೇರು ನಮ್ಮ ಕಾಡಿನಲ್ಲೇ ಇದೆ. ಮುಂಬೈಯಲ್ಲಿ ಹುಟ್ಟಿದ ರಡ್ಯಾರ್ಡ್ ಕಿಪ್ಲಿಂಗ್ 1894ರಲ್ಲಿ ಪ್ರಕಟಿಸಿದ ‘ದಿ ಜಂಗಲ್ ಬುಕ್’ನಲ್ಲಿ ಮೌಗ್ಲಿ ಬೆಳೆಯುವುದು ಈಗಿನ ಮಧ್ಯಪ್ರದೇಶದ ಸಿವನಿ ಸೀಮೆಯಲ್ಲಿ. ಅಲ್ಲಿನ ತೋಳಗಳ ನಾಯಕನೇ ಅಕೇಲಾ. ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಶಿಬಿರ ನಡೆಸಿ ಸ್ಕೌಟ್ ಚಳವಳಿಗೆ ನಾಂದಿ ಹಾಡಿದರು. ಅಣ್ಣಂದಿರ ಬೆನ್ನು ಹತ್ತಿ ಬಂದ ಚಿಕ್ಕವರಿಗೆ ಸ್ಕೌಟ್ ಪಾಠ ಭಾರವಾಯಿತು. ಅವರಿಗೆಂದೇ 1916ರಲ್ಲಿ ಕೈಪಿಡಿ ಬರೆದಾಗ ಪೊವೆಲ್ ಕಿಪ್ಲಿಂಗರ ಕಾಡನ್ನೇ ಎರವಲು ಪಡೆದರು. ಅಕೇಲಾ, ಬಾಲೂ, ಬಘೀರಾ ಇಂಗ್ಲಿಷ್ ಮಕ್ಕಳ ಮೈದಾನ ಸುತ್ತಿ ನಮ್ಮ ಶಾಲೆಗಳಿಗೆ ಮರಳಿದ್ದು ಹೀಗೆ.

ಭಾರತದಲ್ಲಿ ಸ್ಕೌಟಿಂಗ್ ಮೊದಲು ಕಾಲಿಟ್ಟದ್ದು 1909ರಲ್ಲಿ, ನಮ್ಮ ಬೆಂಗಳೂರಿನಲ್ಲಿ, ಕ್ಯಾಪ್ಟನ್ ಟಿ.ಎಚ್. ಬೇಕರ್ ಅವರಿಂದ. ಆದರೆ ಆಗ ಅದರ ಬಾಗಿಲು ತೆರೆದಿದ್ದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ಭಾರತೀಯ ಮಕ್ಕಳಿಗಾಗಿ ಆನಿ ಬೆಸೆಂಟ್, ಮದನ ಮೋಹನ ಮಾಳವೀಯರಂಥವರು ಬೇರೆ ಸಂಘಗಳನ್ನೇ ಕಟ್ಟಬೇಕಾಯಿತು. ಬಿಡಿಬಿಡಿಯಾಗಿದ್ದ ಸಂಘಗಳು ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಒಂದೇ ಸೂರಿನಡಿ ಬಂದವು. ದೊಡ್ಡಬಳ್ಳಾಪುರದ ಶಿಬಿರ ತಾಣಕ್ಕೆ ಇಂದಿಗೂ ಆನಿ ಬೆಸೆಂಟರ ಹೆಸರೇ ಇದೆ.

ಹತ್ತು ವರ್ಷದೊಳಗಿನ ಹುಡುಗರು ಕಬ್‌ಗಳು, ಅದೇ ವಯಸ್ಸಿನ ಹುಡುಗಿಯರು ಬುಲ್‌ಬುಲ್‌ಗಳು. ತುಂಬಿದ ಪ್ಯಾಕ್ ಎಂದರೆ 24 ಮಕ್ಕಳು. ಆರಾರು ಮಂದಿಯ ತಂಡಕ್ಕೆ ‘ಸಿಕ್ಸ್’ ಎಂದೂ ಅದರ ನಾಯಕನಿಗೆ ‘ಸಿಕ್ಸರ್’ ಎಂದೂ ಹೆಸರು. ಇಡೀ ವ್ಯವಸ್ಥೆಯ ಜೀವ ಇರುವುದೇ ಇಲ್ಲಿ. ತನ್ನ ಶೂ ಲೇಸನ್ನು ಅಮ್ಮನಿಂದ ಕಟ್ಟಿಸಿಕೊಳ್ಳುವ ಎಂಟರ ಪೋರ ಇಲ್ಲಿ ಐವರ ಉಗುರು, ಕರವಸ್ತ್ರ ನೋಡುತ್ತಾನೆ. ಬಾರದವನ ಬಗ್ಗೆ ವಿಚಾರಿಸುತ್ತಾನೆ. ಅಳುವವನನ್ನು ಆಟಕ್ಕೆ ಎಳೆಯುತ್ತಾನೆ. ತರಗತಿಯ ಮಾನಿಟರನಿಗೆ ಮಾತಾಡಿದವರ ಹೆಸರು ಬರೆಯುವ ಅಧಿಕಾರವಿರುತ್ತದೆ. ಸಿಕ್ಸರನಿಗೆ ಇರುವುದು ಬರೀ ಹೊಣೆ.

ಕಲಿಕೆಯೆಲ್ಲ ಆಟದ ವೇಷದಲ್ಲಿ ಬರುತ್ತದೆ. ‘ಕಿಮ್ಸ್ ಗೇಮ್’ ಎಂಬುದೊಂದು. ಬೀಗದ ಕೈ, ಗುಂಡಿ, ಹುಣಸೆಬೀಜ, ಪೆನ್ಸಿಲ್ ತುಂಡು ಮುಂತಾಗಿ 24 ವಸ್ತುಗಳನ್ನು ತಟ್ಟೆಯಲ್ಲಿಟ್ಟು, ಒಂದು ನಿಮಿಷ ತೋರಿಸಿ, ಬಟ್ಟೆ ಮುಚ್ಚುತ್ತಾರೆ. ನೆನಪಾದದ್ದನ್ನು ಹೇಳಬೇಕು. ಕಿಪ್ಲಿಂಗರದೇ ಕಾದಂಬರಿ ‘ಕಿಮ್’ನಿಂದ ಬಂದ ಆಟವಿದು. ಇನ್ನು ರೀಫ್ ಗಂಟು: ಬಲಗೈಯ ಹಗ್ಗ ಎಡದರ ಮೇಲೆ ಹಾಯಬೇಕು, ಮರುಸುತ್ತಿನಲ್ಲಿ ಎಡಗೈಯದು ಬಲದರ ಮೇಲೆ. ಸರಿಯಾಗಿ ಬಿದ್ದರೆ ಗಂಟು ಚಪ್ಪಟೆಯಾಗಿ ಕೂರುತ್ತದೆ. ಬ್ಯಾಂಡೇಜು ಕಟ್ಟಿದಾಗ ಗಾಯಕ್ಕೆ ಒತ್ತುವುದಿಲ್ಲ, ಬಿಚ್ಚುವಾಗ ಕಾಡುವುದಿಲ್ಲ. ಎರಡು ಸಲವೂ ಒಂದೇ ಕಡೆಯಿಂದ ಹಾಯಿಸಿದರೋ, ಜಾರಿಹೋಗುವ ‘ಅಜ್ಜಿ ಗಂಟು’ ಆಗುತ್ತದೆ. ಇದನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ, ಬೆರಳೇ ಕಲಿಯಬೇಕು.

ಇನ್ನೊಂದು ಗಂಟು ಸ್ಕಾರ್ಫಿನ ತುದಿಯದು. ದಿನಕ್ಕೊಂದು ಒಳ್ಳೆಯ ಕೆಲಸ ಮಾಡುವುದು ಕಬ್‌ಗಳ ಪ್ರತಿಜ್ಞೆಯ ಭಾಗ. ಅದು ಮರೆಯದಿರಲೆಂದು ಬೇಡನ್ ಪೊವೆಲ್ ಹೇಳಿಕೊಟ್ಟ ಉಪಾಯ ಈ ಗಂಟು, ನಮ್ಮ ಅಜ್ಜಿಯರು ಸೆರಗಿಗೆ ಹಾಕಿಕೊಳ್ಳುತ್ತಿದ್ದ ಹಾಗೆಯೇ. ಬಿದ್ದ ಸೀಸೆಚೂರು ಹೆಕ್ಕುವುದೋ, ಪಕ್ಕದ ಮನೆಯ ಅಜ್ಜನಿಗೆ ಪತ್ರಿಕೆ ತಂದುಕೊಡುವುದೋ ಸಾಕು.

ಪ್ರವೇಶದ ನಂತರ ಪ್ರಥಮ ಚರಣದಿಂದ ಚತುರ್ಥ ಚರಣದವರೆಗೆ ಕಬ್ ಹಂತಹಂತವಾಗಿ ಏರುತ್ತಾನೆ. ತುದಿಯಲ್ಲಿ ‘ಗೋಲ್ಡನ್ ಆ್ಯರೋ’ ಪುರಸ್ಕಾರವಿದೆ. ಇಲ್ಲಿ ರ‍್ಯಾಂಕ್ ಇಲ್ಲ. ಒಬ್ಬ ಬ್ಯಾಡ್ಜ್ ಪಡೆದರೆ ಇನ್ನೊಬ್ಬನಿಗೆ ಅದು ತಪ್ಪುವುದಿಲ್ಲ. ಕೈಲಾದಷ್ಟು ಚೆನ್ನಾಗಿ ಮಾಡು ಎನ್ನುವುದೇ ಕಬ್‌ಗಳ ಧ್ಯೇಯವಾಕ್ಯದ ತಿರುಳು. ಎಲ್‌ಕೆಜಿಯಿಂದಲೇ ಅಂಕದ ಓಟಕ್ಕೆ ಬಿದ್ದ ಮಕ್ಕಳಿಗೆ ಇಷ್ಟು ಬಿಡುವು ಬೇರೆಲ್ಲೂ ಸಿಗಲಿಕ್ಕಿಲ್ಲ.

ಹತ್ತು ತುಂಬಿದವನನ್ನು ಪ್ಯಾಕ್ ವಿಧಿವತ್ತಾಗಿ ಸ್ಕೌಟ್ ದಳಕ್ಕೆ ಒಪ್ಪಿಸುತ್ತದೆ. ಸಿಕ್ಸರ್ ಆಗಿದ್ದವನು ಅಲ್ಲಿ ಮತ್ತೆ ಎಲ್ಲರಿಗಿಂತ ಕಿರಿಯ. ಮುಂದಾಳ್ತನ ಯಾರ ಆಸ್ತಿಯೂ ಅಲ್ಲ ಎಂಬ ಪಾಠ ಆಗ ತಾನಾಗಿಯೇ ಸಿಗುತ್ತದೆ.

ಆದರೆ ಆಗಸ್ಟ್ 15 ಮತ್ತು ಜನವರಿ 26ರ ಪಥಸಂಚಲನಕ್ಕಷ್ಟೇ ಪೆಟ್ಟಿಗೆಯಿಂದ ಸಮವಸ್ತ್ರ ಹೊರತೆಗೆಯುವ ಶಾಲೆಗಳಿಗೂ ಕೊರತೆಯಿಲ್ಲ. ಹಾಗಾಗಿ ಮಗುವನ್ನು ಸೇರಿಸುವ ಮುನ್ನ ಪೋಷಕರು ಎರಡು ಪ್ರಶ್ನೆ ಕೇಳಿದರೆ ಸಾಕು: ಪ್ಯಾಕ್ ವಾರವಾರವೂ ಸೇರುತ್ತದೆಯೇ, ತರಬೇತಿ ಪಡೆದ ಕಬ್ ಮಾಸ್ಟರ್ ಇದ್ದಾರೆಯೇ? ಎರಡಕ್ಕೂ ಹೌದು ಎಂಬ ಉತ್ತರ ಬಂದರೆ, ಒಂದು ಮೈದಾನ, ನಾಲ್ಕು ಮೊಳ ಹಗ್ಗ ಬಿಟ್ಟು ಇನ್ನೇನೂ ಬೇಕಿಲ್ಲ.