ಖಾಡಿಯ ದಂಡೆಯ ನರಿ

ಮುಂಬಯಿಯಂತಹ ಮಹಾನಗರದಲ್ಲಿ ನರಿಯೂ ವಾಸಿಸುವುದೆಂದರೆ ಅನೇಕರು ನಂಬಲಾರರು. ಪಂಚತಂತ್ರದ ಕರಟಕ ದಮನಕರನ್ನು ನಾವೆಲ್ಲರೂ ಬಲ್ಲೆವು. ಅವರ ಕುಲದವನೊಬ್ಬನನ್ನು ಕಣ್ಣಾರೆ ಕಂಡದ್ದು, ರಾಜಹಂಸಗಳನ್ನು ನೋಡಲೆಂದು ಠಾಣೆಯ ಖಾಡಿಗೆ ಹೋಗಿದ್ದ ಒಂದು ಮುಂಜಾನೆ.

ಅದು ಇಳಿತದ ಹೊತ್ತು. ನೀರು ಹಿಂದೆ ಸರಿದು ಕೆಸರುಬಯಲು ತೆರೆದುಕೊಂಡಿತ್ತು. ರಾಜಹಂಸಗಳು ಕೊಕ್ಕನ್ನು ತಲೆಕೆಳಗಾಗಿ ಅದ್ದಿ, ಪಾಚಿಯನ್ನು ಸೋಸಿ ತಿನ್ನುತ್ತಿದ್ದವು. ಆಗ ಕಾಂಡ್ಲಾ ಗಿಡಗಳ ಮರೆಯಿಂದ ಪ್ರಾಣಿಯೊಂದು ಹೊರಬಂದಿತು. ಕಂದುಹೊನ್ನಿನ ಮೈ, ಚೂಪು ಮೂತಿ, ಕಪ್ಪು ತುದಿಯ ಪೊದೆಬಾಲ, ನರಿಯೇ ಸರಿ! ಕೆಸರನ್ನು ಮೂಸಿ, ಏಡಿಯೊಂದನ್ನು ಕಚ್ಚಿಕೊಂಡು ಕ್ಷಣದಲ್ಲಿ ಮರೆಯಾಯಿತು.

ನರಿಗೆ ದಟ್ಟಡವಿಯೇ ಬೇಕೆಂದಿಲ್ಲ. ಏಡಿ, ಮೀನು, ಇಲಿ, ಹಣ್ಣು, ಎಲ್ಲವೂ ಅದಕ್ಕೆ ಆಹಾರವೇ. ಬೇರುಗಳು ಹೆಣೆದುಕೊಂಡ ಕಾಂಡ್ಲಾವನವನ್ನು ಮನುಷ್ಯರು ಸುಲಭವಾಗಿ ಹೊಗಲಾರರು. ಆದುದರಿಂದ ಹಗಲಲ್ಲಿ ಅಡಗಿರಲು ಅದು ತಕ್ಕ ತಾಣ. ಆ ವನವು ಕಿರಿದಾದಂತೆ ನರಿಯು ಬೀದಿಗೆ ಬರಬೇಕಾಗುತ್ತದೆ. ಅಲ್ಲಿ ರೋಗಪೀಡಿತ ನಾಯಿ ಕಚ್ಚಿದರೆ ರೇಬೀಸ್ ತಗಲಿ ಸಾಯುತ್ತದೆ.

ಖಾಡಿಯ ಒಂದು ಭಾಗವನ್ನು 2015ರಲ್ಲಿ ರಾಜಹಂಸಗಳ ಅಭಯಾರಣ್ಯವೆಂದು ಘೋಷಿಸಲಾಯಿತು. 2022ರಲ್ಲಿ ಅದು ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಹಕ್ಕಿಗಳಿಗಾಗಿ ಕಾಯ್ದಿರಿಸಿದ ನೆಲವೇ ನರಿಗೂ ಆಸರೆಯಾಗಿದೆ.

ಬಾಲಮಿತ್ರರೇ, ನರಿಯನ್ನು ಕಂಡರೆ ಕಲ್ಲೆಸೆಯಬೇಡಿರಿ. ಕರುಣೆಯಿಂದ ತಿಂಡಿಯನ್ನೂ ಹಾಕಬೇಡಿರಿ. ತಿಂಡಿಯ ರುಚಿ ಹತ್ತಿದ ನರಿಯು ಮನೆಗಳ ಬಳಿಗೆ, ನಾಯಿಗಳ ಬಾಯಿಗೆ ಬರುವುದು. ದೂರದಲ್ಲಿ ನಿಂತು ಸದ್ದಿಲ್ಲದೆ ನೋಡುವುದೇ ನಾವು ಅದಕ್ಕೆ ಮಾಡಬಹುದಾದ ಉಪಕಾರ.