ಮೈಲೇಜ್ ಬಿದ್ದರೆ ಇಂಜೆಕ್ಟರ್ ಮೇಲೆಯೇ ಯಾಕೆ ಅನುಮಾನ?

ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ಕೊಂಡವರು ಮೊದಲ ತಿಂಗಳಲ್ಲೇ ಹೇಳಿಕೊಳ್ಳುವ ದೂರು ಒಂದೇ: ‘ಇಪ್ಪತ್ತೆರಡು ಕೊಡುತ್ತೆ ಅಂದಿದ್ದರು, ಹದಿನೈದೂ ಬರ್ತಿಲ್ಲ.’ ಗ್ಯಾರೇಜಿನಲ್ಲಿ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ: ಇಂಜೆಕ್ಟರ್ ಹೋಗಿರಬೇಕು. ನಾಲ್ಕೂ ಇಂಜೆಕ್ಟರ್ ಬದಲಾಯಿಸುವ ಖರ್ಚು ಹಳೆಯ ಕಾರಿನ ಬೆಲೆಯಲ್ಲಿ ದೊಡ್ಡ ಪಾಲನ್ನೇ ನುಂಗುತ್ತದೆ. ಆದರೆ ಡೀಸೆಲ್ ಎಂಜಿನ್ ಕೆಲಸ ಮಾಡುವ ಬಗೆಯನ್ನು ಗಮನಿಸಿದರೆ ಇಂಜೆಕ್ಟರ್ ಮೇಲಿನ ಅನುಮಾನ ಮೊದಲಲ್ಲ, ಕೊನೆಯ ಹೊತ್ತಿಗೆ ಬರಬೇಕು.

ಮೈಲೇಜ್ ನಿಜಕ್ಕೂ ಕಡಿಮೆಯಾಗಿದೆಯೇ ಎಂಬುದೇ ಮೊದಲು ತೀರ್ಮಾನವಾಗಬೇಕು. 2011ರಲ್ಲಿ ಬಂದ ಸ್ವಿಫ್ಟ್ ಡೀಸೆಲ್ಲನ್ನೇ ತೆಗೆದುಕೊಳ್ಳೋಣ. ಅದರ 1248 ಸಿಸಿ ಎಂಜಿನ್ ಫಿಯೆಟ್ ವಿನ್ಯಾಸದ್ದು. ಡಿಸೈರ್, ರಿಟ್ಜ್, ಇಂಡಿಕಾ ವಿಸ್ಟಾಗಳಲ್ಲೂ ಅದೇ ಇತ್ತು. ಈ ಸ್ವಿಫ್ಟ್‌ಗೆ ಎಆರ್‌ಎಐ ಎಂಬ ವಾಹನ ಸಂಶೋಧನಾ ಸಂಸ್ಥೆಯ ಪರೀಕ್ಷೆಯಲ್ಲಿ ಸಿಕ್ಕ ಅಂಕಿ ಲೀಟರಿಗೆ 22.9 ಕಿ.ಮೀ. ಆದರೆ ಆ ಪರೀಕ್ಷೆ ನಡೆಯುವುದು ರೋಲರ್ ಮೇಲೆ, ಎ.ಸಿ. ಆರಿಸಿ, ಗಂಟೆಗೆ 90 ಕಿ.ಮೀ. ದಾಟದ ವೇಗದಲ್ಲಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತ ಕಾರಿಗೂ ಆ ಅಂಕಿಗೂ ಸಂಬಂಧ ಕಡಿಮೆ. ಇಂಥ ಎಂಜಿನ್ ನಿಂತಲ್ಲೇ ಓಡುವಾಗ ಗಂಟೆಗೆ ಸುಮಾರು ಅರ್ಧ ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ಓಡುವಾಗ 18 ಕೊಡುವ ಕಾರು 20 ಕಿ.ಮೀ. ದಾರಿಯಲ್ಲಿ ಒಟ್ಟು ಅರ್ಧ ಗಂಟೆ ನಿಂತರೆ, ಯಾವ ಭಾಗವೂ ಕೆಡದೆ ಲೆಕ್ಕ 15ಕ್ಕಿಂತ ಕೆಳಗಿಳಿಯುತ್ತದೆ. ಅಳತೆಯ ಕ್ರಮದಲ್ಲೂ ಎಡವಟ್ಟಿದೆ. ಬಂಕಿನಲ್ಲಿ ನಾಝಲ್ ಎಲ್ಲಿ ಕಟ್ ಆಗುತ್ತದೆ ಎಂಬುದು ಪ್ರತಿ ಸಲ ಒಂದೇ ಆಗಿರುವುದಿಲ್ಲ. ಎರಡು ಲೀಟರ್ ಆಚೀಚೆಯಾದರೆ, ಹತ್ತು ಲೀಟರಿನ ಲೆಕ್ಕದಲ್ಲಿ ಅದು ಶೇ. 20 ತಪ್ಪು, ಎಂಬತ್ತು ಲೀಟರಿನ ಲೆಕ್ಕದಲ್ಲಿ ಶೇ. 2.5 ಮಾತ್ರ. ಹಾಗಾಗಿ ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ, ಎರಡು ಮೂರು ಸಲದ ಡೀಸೆಲ್ ಒಟ್ಟುಗೂಡಿಸಿ ನೋಡಬೇಕು. ಹಿಂದಿನ ಮಾಲೀಕರು ಟೈರ್ ಬದಲಾಯಿಸಿದ್ದಾರೆಯೇ ಎಂಬುದನ್ನೂ ನೋಡಬೇಕು. 165/80 ಆರ್14 ಇದ್ದ ಜಾಗದಲ್ಲಿ 195/65 ಆರ್15 ಹಾಕಿದ್ದರೆ ಚಕ್ರದ ಸುತ್ತಳತೆ ಶೇ. 2ಕ್ಕಿಂತ ಹೆಚ್ಚು ಬೆಳೆದಿರುತ್ತದೆ. ಮೀಟರ್ ಓಡಿದ ದೂರವನ್ನು ಅಷ್ಟು ಕಡಿಮೆ ತೋರಿಸುತ್ತದೆ.

ಇಷ್ಟಾದ ಮೇಲೂ ಅಂಕಿ ಕಡಿಮೆ ಇದ್ದರೆ ಪತ್ತೆ ಕೆಲಸ ಶುರು. ಇಲ್ಲಿ ಮುಖ್ಯವಾದ ಸಂಗತಿಯೊಂದಿದೆ. ಡೀಸೆಲ್ ಎಂಜಿನ್ನಿನ ಶಕ್ತಿಯನ್ನು ನಿರ್ಧರಿಸುವುದು ಒಳಗೆ ಚಿಮ್ಮುವ ಡೀಸೆಲ್ಲಿನ ಪ್ರಮಾಣ. ಇಂಜೆಕ್ಟರ್ ಒಂದು ಹನಿ ಹೆಚ್ಚು ಚಿಮ್ಮಿ ಅದು ಚೆನ್ನಾಗಿ ಉರಿದರೆ ಕಾರು ಜೋರಾಗಿ ಎಳೆಯುತ್ತದೆ. ಆಗ ಚಾಲಕ ತಿಳಿಯದೆಯೇ ಕಾಲು ಸಡಿಲಿಸುತ್ತಾನೆ. ಕಾರು ನಿಂತಿದ್ದರೆ ಆರ್‌ಪಿಎಂ ಏರದಂತೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಡೀಸೆಲ್ ತಗ್ಗಿಸುತ್ತದೆ. ಅಂದರೆ ಹೆಚ್ಚು ಚಿಮ್ಮುವುದು ತಾನಾಗಿಯೇ ಸರಿಹೋಗುತ್ತದೆ. ಹಾಗಿದ್ದೂ ಡೀಸೆಲ್ ಹೆಚ್ಚು ಖರ್ಚಾಗುತ್ತಿದ್ದರೆ ಕಾರಣ ಎರಡರಲ್ಲೊಂದು: ಎಂಜಿನ್ನಿನಿಂದ ಯಾರೋ ಹೆಚ್ಚು ಕೆಲಸ ಕೇಳುತ್ತಿದ್ದಾರೆ, ಇಲ್ಲವೇ ದಹನವೇ ಕೆಟ್ಟಿದೆ. ಮೊದಲನೆಯದನ್ನು ಹುಡುಕಲು ದುಡ್ಡೇನೂ ಬೇಡ.

ಸಣ್ಣ ಕಾರೊಂದು ಸಮತಟ್ಟು ರಸ್ತೆಯಲ್ಲಿ 80ರ ವೇಗದಲ್ಲಿ ಹೋಗುವಾಗ ಗಾಳಿ ಮತ್ತು ಟೈರುಗಳ ತಡೆಯನ್ನು ಗೆಲ್ಲಲು ಬೇಕಾದ ಬಲ ಸುಮಾರು 30 ಕಿಲೋ ತೂಕದಷ್ಟು ಮಾತ್ರ. ಒಂದು ಚಕ್ರದ ಬ್ರೇಕ್ ಪೂರ್ತಿ ಬಿಡದೆ ಮೂರು ಕಿಲೋದಷ್ಟು ಬಲದಿಂದ ಉಜ್ಜುತ್ತಿದ್ದರೂ ಎಂಜಿನ್ನಿಗೆ ಹತ್ತರಲ್ಲೊಂದು ಪಾಲು ಹೆಚ್ಚುವರಿ ಕೆಲಸ. ಕಾರಿನೊಳಗೆ ಕೂತವರಿಗೆ ಇದು ಗೊತ್ತೇ ಆಗುವುದಿಲ್ಲ. ಬಹುಕಾಲ ನಿಂತಿದ್ದ ಹಳೆಯ ಕಾರುಗಳಲ್ಲಿ ಕ್ಯಾಲಿಪರ್ ಪಿನ್ ತುಕ್ಕು ಹಿಡಿದು ಹೀಗಾಗುವುದು ಸಾಮಾನ್ಯ. ಹತ್ತು ಕಿ.ಮೀ. ಓಡಿಸಿ, ಬ್ರೇಕ್ ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಅಂಗೈ ಒಡ್ಡಿ ನೋಡಿ, ಡಿಸ್ಕ್ ಮುಟ್ಟಬೇಡಿ. ಒಂದರ ಬಿಸಿ ಮಾತ್ರ ಎದ್ದು ತೋರಿದರೆ, ಆರಿದ ಮೇಲೆ ಅದನ್ನು ಜಾಕ್ ಏರಿಸಿ ಕೈಯಿಂದ ತಿರುಗಿಸಿ ಪರೀಕ್ಷಿಸಬೇಕು. ಟೈರಿನ ಗಾಳಿ, ವೀಲ್ ಅಲೈನ್‌ಮೆಂಟ್ ಸಹ ಇದೇ ಲೆಕ್ಕಕ್ಕೆ ಸೇರುತ್ತವೆ. ವೇಗದ ಮಾತಂತೂ ಹೇಳಲೇಬೇಕು: ಮೈಸೂರು ಎಕ್ಸ್‌ಪ್ರೆಸ್ ವೇಯಲ್ಲಿ 80ರ ಬದಲು 100ರಲ್ಲಿ ಹೋದರೆ ಗಾಳಿಯ ತಡೆ ಒಂದೂವರೆ ಪಟ್ಟು ಮೀರುತ್ತದೆ.

ಇನ್ನು ನಮ್ಮ ಕಡೆ ಯಾರೂ ಗಮನಿಸದ ಅಪರಾಧಿ, ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ತರ್ಮೋಸ್ಟಾಟ್ ವಾಲ್ವ್. ಅದನ್ನು ತೆಗೆಸಿಬಿಟ್ಟರೆ ಎಂಜಿನ್ ಹೀಟ್ ಆಗುವುದಿಲ್ಲ ಎಂಬ ನಂಬಿಕೆಯಿಂದ ಎಷ್ಟೋ ಕಾರುಗಳಲ್ಲಿ ಅದನ್ನು ಕಿತ್ತೇ ಹಾಕಿರುತ್ತಾರೆ. ಇದ್ದರೂ ತೆರೆದ ಸ್ಥಿತಿಯಲ್ಲಿ ಸಿಕ್ಕಿಬಿದ್ದಿರಬಹುದು. ಡೀಸೆಲ್ ಎಂಜಿನ್ ಹಗುರ ಹೊರೆಯಲ್ಲಿ ಹೊರಹಾಕುವ ಶಾಖವೇ ಕಡಿಮೆ. ತರ್ಮೋಸ್ಟಾಟ್ ಮುಚ್ಚದಿದ್ದರೆ ಕೂಲೆಂಟ್ 90 ಡಿಗ್ರಿಯ ಆಸುಪಾಸಿಗೆ ಬರುವ ಬದಲು 60–70ರಲ್ಲೇ ಉಳಿಯುತ್ತದೆ. ತಣ್ಣಗಿರುವ ಆಯಿಲ್ ಗಟ್ಟಿ, ಘರ್ಷಣೆ ಹೆಚ್ಚು. ಎಂಜಿನ್ ಇನ್ನೂ ಬಿಸಿಯಾಗಿಲ್ಲವೆಂದು ಇಸಿಯು ತಣ್ಣನೆಯ ಎಂಜಿನ್ನಿನ ಲೆಕ್ಕದಲ್ಲೇ ಡೀಸೆಲ್ ಚಿಮ್ಮಿಸುತ್ತಿರುತ್ತದೆ. ಅನೇಕ ಕಾರುಗಳ ಡ್ಯಾಶ್‌ಬೋರ್ಡ್ ಇದನ್ನು ತೋರಿಸುವುದಿಲ್ಲ. ಇಸಿಯು ಮಾಹಿತಿ ಓದಲೆಂದೇ ಇರುವ ಒಬಿಡಿ ಪೋರ್ಟಿಗೆ ಸಣ್ಣ ಸ್ಕ್ಯಾನರ್ ಸಿಕ್ಕಿಸಿ, ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿದ ಮೇಲೆ, ಅದರಲ್ಲೂ ಘಾಟಿ ಇಳಿಯುವಾಗ, ಕೂಲೆಂಟ್ ಉಷ್ಣತೆ ನೋಡಿದರೆ ಸತ್ಯ ಹೊರಬೀಳುತ್ತದೆ.

ಇಂಜೆಕ್ಟರ್ ಬದಲಾಯಿಸಿದ ಮೇಲೆ ಮೈಲೇಜ್ ಬಂದವರಿಲ್ಲವೇ ಎಂದು ಕೇಳಬಹುದು. ಖಂಡಿತ ಇದ್ದಾರೆ. ತುದಿ ಸವೆದು ಡೀಸೆಲ್ ಮಂಜಿನಂತೆ ಹರಡದೆ ತೊಟ್ಟಿಕ್ಕಿದರೆ ದಹನ ತಡವಾಗುತ್ತದೆ, ಶಾಖ ಪಿಸ್ಟನ್ನನ್ನು ತಳ್ಳುವ ಬದಲು ಸೈಲೆನ್ಸರಿಗೆ ಹೋಗುತ್ತದೆ. ಆದರೆ ಆಗ ಕುರುಹುಗಳು ಇದ್ದೇ ಇರುತ್ತವೆ: ಐಡ್ಲಿಂಗ್‌ನಲ್ಲಿ ನಡುಕ, ಬಡಿತದ ಸದ್ದು, ಕಪ್ಪು ಹೊಗೆ, ಸ್ಕ್ಯಾನರಿನಲ್ಲಿ ಒಂದು ಸಿಲಿಂಡರಿನ ಕರೆಕ್ಷನ್ ಮೌಲ್ಯ (ಇಸಿಯು ಆ ಸಿಲಿಂಡರಿಗೆ ಡೀಸೆಲ್ ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಎಂಬ ಅಂಕಿ) ಮಾತ್ರ ಉಳಿದವಕ್ಕಿಂತ ಬೇರೆ. ಕಪ್ಪು ಹೊಗೆ ಟರ್ಬೊ ಹೋಸ್ ಸೀಳಿದರೂ, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವ್ ತೆರೆದು ಸಿಕ್ಕಿಕೊಂಡರೂ ಬರುತ್ತದೆ. ಅದೊಂದೇ ಸಾಕ್ಷಿ ಸಾಲದು. ರಿಟರ್ನ್ ಪೈಪಿಗೆ ಬಾಟಲಿ ಕಟ್ಟಿ ‘ನೋಡಿ, ಎಷ್ಟು ಲೀಕ್ ಆಗ್ತಿದೆ’ ಎಂದು ತೋರಿಸುವುದೂ ಉಂಟು. ಆ ಪರೀಕ್ಷೆ ಸ್ಟಾರ್ಟಿಂಗ್ ತೊಂದರೆಗೆ ಉಪಯುಕ್ತ. ಆದರೆ ಆ ಡೀಸೆಲ್ ನೆಲಕ್ಕೆ ಹೋಗುವುದಿಲ್ಲ, ಟ್ಯಾಂಕಿಗೇ ಮರಳುತ್ತದೆ. ಮೈಲೇಜ್ ನಷ್ಟಕ್ಕೆ ಅದು ಪುರಾವೆಯಲ್ಲ. ಜೊತೆಗೆ, ಅದೇ ಸರ್ವಿಸಿನಲ್ಲಿ ಆಯಿಲ್, ಫಿಲ್ಟರ್, ಬ್ರೇಕ್ ಎಲ್ಲವನ್ನೂ ಸರಿಪಡಿಸಿದ್ದರೆ ಗುಣ ಯಾವುದರಿಂದ ಬಂತೆಂದು ಹೇಳುವುದು ಹೇಗೆ?

ಹೊಸ ಕಾರುಗಳಲ್ಲಿ ಮೈಲೇಜ್ ಇಳಿಯಲು ಇನ್ನೊಂದು ಕಾರಣವೂ ಇರಬಹುದು. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಇದೆ. ಮಸಿಯನ್ನು ಸುಡಲು ಎಂಜಿನ್ ಆಗಾಗ ಹೆಚ್ಚುವರಿ ಡೀಸೆಲ್ ಚಿಮ್ಮಿ ಫಿಲ್ಟರನ್ನು 600 ಡಿಗ್ರಿಯಷ್ಟು ಕಾಯಿಸುತ್ತದೆ. ಬರೀ ಹತ್ತಿರದ ಓಡಾಟವಾದರೆ ಈ ಕೆಲಸ ಅರ್ಧಕ್ಕೇ ನಿಂತು ಮತ್ತೆ ಮತ್ತೆ ಶುರುವಾಗುತ್ತದೆ. ಎಷ್ಟೋ ಕಾರುಗಳಲ್ಲಿ ಉರಿಯದ ಡೀಸೆಲ್ ಆಯಿಲ್ಲಿಗೆ ಇಳಿದು ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರಿರುತ್ತದೆ. ಏರಿದ ಆಯಿಲ್ ಕಂಡರೆ ತಡಮಾಡದೆ ಬದಲಾಯಿಸಿ, ಅದು ಬೇರಿಂಗುಗಳನ್ನು ತಿನ್ನುತ್ತದೆ. ಉಳಿದಂತೆ, ಚಕ್ರಗಳ ಬಿಸಿ, ಕೂಲೆಂಟ್ ಉಷ್ಣತೆ, ನಾಲ್ಕು ಸಿಲಿಂಡರಿನ ಕರೆಕ್ಷನ್ ಮೌಲ್ಯ ಇವಿಷ್ಟನ್ನು ನಿಮ್ಮ ಕಣ್ಣೆದುರು ನೋಡುವ ಮೊದಲು ಯಾರಿಗೂ ಇಂಜೆಕ್ಟರ್ ಬಿಚ್ಚಲು ಒಪ್ಪಿಗೆ ಕೊಡಬೇಡಿ.